ಕಸ ಸಂಗ್ರಹದ ಜಾಲತಾಣ ಅಂಗವಿಕಲರಿಗೆ ದಕ್ಕುತ್ತಿಲ್ಲವೇ? ದೋಷ ಹುಡುಕುವ, ಸರಿಪಡಿಸುವ ಕೈಪಿಡಿ

ಆಟೋ ಟಿಪ್ಪರ್ ಬೀದಿಗೆ ಬಂತೆಂದು ತಿಳಿಯುವುದು ಅದರ ಹಾಡಿನಿಂದ, ಇಲ್ಲವೇ ಸೀಟಿಯಿಂದ. ಕಿವಿ ಕೇಳದವರಿಗೆ ಆ ಸೂಚನೆ ತಲುಪುವುದೇ ಇಲ್ಲ, ವೇಳಾಪಟ್ಟಿಯನ್ನೇ ನೆಚ್ಚಿಕೊಳ್ಳಬೇಕು. ಕಣ್ಣು ಕಾಣದವರಿಗೆ ಹಾಡು ಕೇಳುತ್ತದೆ, ಆದರೆ ಇವತ್ತು ಹಸಿ ಕಸದ ದಿನವೋ ಒಣ ಕಸದ ದಿನವೋ ಎಂಬುದು ಹಂಚಿದ ಕರಪತ್ರದಲ್ಲಿ ಉಳಿದಿರುತ್ತದೆ. ಗಾಲಿಕುರ್ಚಿಯಲ್ಲಿರುವವರು ಡಬ್ಬವನ್ನು ಗೇಟಿನವರೆಗೆ ತರಬೇಕಾದರೆ ಗಾಡಿ ಬರುವ ಹೊತ್ತು ಮೊದಲೇ ಗೊತ್ತಿರಬೇಕು. ಹೀಗಾಗಿ ಕಸ ಸಂಗ್ರಹದ ಗುತ್ತಿಗೆ ಹಿಡಿದ ಕಂಪನಿಯ ಜಾಲತಾಣ ಈ ಮೂವರಿಗೂ ಬೇರೆಯವರಿಗಿಂತ ಹೆಚ್ಚು ಬೇಕು. ಕಷ್ಟವೆಂದರೆ ಅದು ಕೆಟ್ಟು ನಿಲ್ಲುವುದೂ ಮೊದಲು ಇವರಿಗೇ.

ನಗರಸಭೆ, ಮಹಾನಗರ ಪಾಲಿಕೆಗಳ ಮಟ್ಟದಲ್ಲಿ ಕೆಲಸ ಮಾಡುವ ಸಂಸ್ಥೆಗಳ ಜಾಲತಾಣ ನೋಡಿಕೊಳ್ಳುವವರಿಗಾಗಿ ಈ ಬರಹ. ಕನ್ನಡದ ಪುಟಗಳಿಗೇ ವಿಶಿಷ್ಟವಾದ ದೋಷಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ, ಏಕೆಂದರೆ ಇಂಗ್ಲಿಷ್‌ನ ಪರೀಕ್ಷಾ ಸಾಧನಗಳಿಗೆ ಅವು ಕಾಣುವುದಿಲ್ಲ.

ಮೊದಲ ಅರ್ಧ ಗಂಟೆ: ಕಿವಿಯಿಂದ, ಕೀಲಿಮಣೆಯಿಂದ

ಕ್ರೋಮ್‌ನಲ್ಲಿರುವ ಜಾಲತಾಣ ಪರೀಕ್ಷಾ ಸಾಧನ ಲೈಟ್‌ಹೌಸ್ ನೂರಕ್ಕೆ ನೂರು ಅಂಕ ಕೊಟ್ಟಿದೆ ಎಂಬುದನ್ನು ಉತ್ತರವೆಂದು ಒಪ್ಪಬೇಡಿ. ಚಿತ್ರಕ್ಕೆ ಬದಲಿ ಪಠ್ಯ ಇದೆಯೇ ಎಂದು ಅದು ನೋಡುತ್ತದೆ. ಆ ಪಠ್ಯ 'ಚಿತ್ರ 1' ಎಂದಿದ್ದರೂ ತೇರ್ಗಡೆ ಮಾಡುತ್ತದೆ. ಇಡೀ ವೇಳಾಪಟ್ಟಿ ಪಿಡಿಎಫ್‌ನಲ್ಲಿದ್ದರೆ ಆ ಪಿಡಿಎಫ್ ಅನ್ನು ತೆರೆಯುವುದೂ ಇಲ್ಲ.

ವಿಂಡೋಸ್ ಗಣಕದಲ್ಲಿ ಎನ್‌ವಿಡಿಎ ಹಾಕಿಕೊಳ್ಳಿ. ಅದು ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಉಚಿತ, ಮುಕ್ತ ತಂತ್ರಾಂಶ. ಕಂಟ್ರೋಲ್, ಇನ್ಸರ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ ಧ್ವನಿ ಸಾಧನವಾಗಿ ಇಸ್ಪೀಕ್ ಎನ್‌ಜಿ ಆರಿಸಿ. ಅದರಲ್ಲಿ ಕನ್ನಡದ ಧ್ವನಿ ಇದೆ. ವೇಗದ ಮಾತು ಅಭ್ಯಾಸವಿಲ್ಲದಿದ್ದರೆ ಎನ್‌ವಿಡಿಎಯ ಟೂಲ್ಸ್ ಪಟ್ಟಿಯಲ್ಲಿರುವ ಸ್ಪೀಚ್ ವ್ಯೂವರ್ ತೆರೆಯಿರಿ, ಅದು ಹೇಳಿದ್ದೆಲ್ಲ ಅಕ್ಷರವಾಗಿ ಕಾಣುತ್ತದೆ. ಬಳಿಕ ಮೌಸ್ ತೆಗೆದಿಟ್ಟು ಮೂರು ಕೆಲಸ ಮಾಡಿ ನೋಡಿ: ಒಂದು ವಾರ್ಡಿನ ಒಣ ಕಸದ ದಿನ ಹುಡುಕುವುದು, ಗಾಡಿ ಬಂದಿಲ್ಲವೆಂದು ದೂರು ಕೊಡುವುದು, ಕಸದ ಶುಲ್ಕ ಕಟ್ಟುವ ಪುಟದವರೆಗೆ ಹೋಗುವುದು. ಎಚ್ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ, ಟಿ ಒತ್ತಿದರೆ ಕೋಷ್ಟಕಕ್ಕೆ, ಎಫ್ ಒತ್ತಿದರೆ ಅರ್ಜಿಯ ಮುಂದಿನ ಅಂಕಣಕ್ಕೆ ಹೋಗಬೇಕು. ಎಚ್ ಒತ್ತಿದಾಗ 'ಮುಂದಿನ ಶೀರ್ಷಿಕೆ ಇಲ್ಲ' ಎಂದರೆ ದಪ್ಪ ಅಕ್ಷರದ ಸಾಲುಗಳಿಗೆ ಶೀರ್ಷಿಕೆಯ ಟ್ಯಾಗ್ ಹಾಕಿಲ್ಲ ಎಂದರ್ಥ.

ಆಮೇಲೆ ಆಂಡ್ರಾಯ್ಡ್ ಫೋನಿನಲ್ಲಿ ಅದರದೇ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಹಚ್ಚಿ ಅದೇ ಮೂರು ಕೆಲಸ ಮಾಡಿ. ಬಲಕ್ಕೆ ಸವರಿದರೆ ಮುಂದಿನ ಅಂಶ, ಎರಡು ಸಲ ತಟ್ಟಿದರೆ ಒತ್ತಿದಂತೆ. ಫೋನಿನ ಪರೀಕ್ಷೆಯನ್ನು ಬಿಡಬೇಡಿ: ಸಣ್ಣ ಪರದೆಗೆ ಬೇರೆಯದೇ ಮೆನು, ಬೇರೆಯದೇ ಅರ್ಜಿ ಇರುವುದು ಸಾಮಾನ್ಯ.

ಲಕ್ಷಣ: ಕನ್ನಡ ಬಂದಾಗ ಧ್ವನಿ ನಿಲ್ಲುತ್ತದೆ, ಅಥವಾ ಒಂದೊಂದೇ ಅಕ್ಷರ ಹೇಳುತ್ತದೆ

ದೋಷ ಬಳಕೆದಾರರ ಗಣಕದಲ್ಲಿದೆಯೋ ನಿಮ್ಮ ಪುಟದಲ್ಲಿದೆಯೋ ಎಂದು ಮೊದಲು ಬೇರ್ಪಡಿಸಿ. ಅದೇ ಗಣಕದಲ್ಲಿ ಕನ್ನಡ ವಿಕಿಪೀಡಿಯದ ಯಾವುದಾದರೂ ಲೇಖನ ತೆರೆಯಿರಿ. ಅಲ್ಲೂ ಓದದಿದ್ದರೆ ಕನ್ನಡದ ಧ್ವನಿ ಇಲ್ಲ, ಅಥವಾ ಎನ್‌ವಿಡಿಎಯ ಮಾತಿನ ಸೆಟ್ಟಿಂಗ್‌ನಲ್ಲಿ ಭಾಷೆ ತಾನೇ ಬದಲಾಗುವ ಆಯ್ಕೆ ಆರಿಹೋಗಿದೆ. ಅಲ್ಲಿ ಸರಾಗವಾಗಿ ಓದಿ ನಿಮ್ಮಲ್ಲಿ ತಡವರಿಸಿದರೆ ತಪ್ಪು ನಿಮ್ಮ ಪುಟದ್ದೇ.

ಕಾರಣ ಹೆಚ್ಚಾಗಿ ಒಂದೇ. ಪುಟದ ಮೊದಲ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ 'ಲ್ಯಾಂಗ್' ಎಂಬ ಕಡೆ ಇಂಗ್ಲಿಷ್‌ನ 'ಇಎನ್' ಸಂಕೇತ ಉಳಿದಿರುತ್ತದೆ, ಸಿದ್ಧ ಟೆಂಪ್ಲೇಟ್ ಅದನ್ನು ಹಾಗೆಯೇ ತಂದಿರುತ್ತದೆ. ಇಂಗ್ಲಿಷ್ ಧ್ವನಿಯ ಕೈಗೆ ಕನ್ನಡ ಅಕ್ಷರ ಕೊಟ್ಟರೆ ಅದು ಬಿಟ್ಟುಬಿಡುತ್ತದೆ, ಇಲ್ಲವೇ ಬಿಡಿಬಿಡಿಯಾಗಿ ಹೆಸರಿಸುತ್ತದೆ. ಆ ಜಾಗದಲ್ಲಿ ಕನ್ನಡದ 'ಕೆಎನ್' ಸಂಕೇತ ಹಾಕಿ. ಪುಟದೊಳಗೆ ಇಂಗ್ಲಿಷ್ ವಾಕ್ಯಗಳಿದ್ದರೆ ಆ ಭಾಗಕ್ಕೆ ಮಾತ್ರ ಇಂಗ್ಲಿಷ್‌ನ ಗುರುತು ಕೊಡಿ.

ಇಲ್ಲೊಂದು ಸುಲಭಕ್ಕೆ ಸಿಗದ ತಪ್ಪಿದೆ. 'ಕನ್ನಡ / ಇಂಗ್ಲಿಷ್' ಗುಂಡಿ ಒತ್ತಿದಾಗ ಜಾವಾಸ್ಕ್ರಿಪ್ಟ್ ಪದಗಳನ್ನಷ್ಟೇ ಬದಲಿಸಿ ಭಾಷಾ ಸಂಕೇತವನ್ನು ಮುಟ್ಟದೆ ಬಿಟ್ಟಿರುತ್ತದೆ. ಪುಟದ ಮೂಲ ನೋಡಿದರೆ ಇದು ತಿಳಿಯುವುದಿಲ್ಲ. ಗುಂಡಿ ಒತ್ತಿದ ಮೇಲೆ ಎಫ್12 ಒತ್ತಿ ಎಲಿಮೆಂಟ್ಸ್ ಕಿಟಕಿಯಲ್ಲಿ ಮೊದಲ ಟ್ಯಾಗ್ ಬದಲಾಗಿದೆಯೇ ಎಂದು ನೋಡಬೇಕು.

ಲಕ್ಷಣ: ವೇಳಾಪಟ್ಟಿಯ ಪಿಡಿಎಫ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದುತ್ತದೆ, ಅಥವಾ 'ಖಾಲಿ' ಎನ್ನುತ್ತದೆ

ದೂರುಗಳಲ್ಲಿ ಅತ್ಯಂತ ಗಂಭೀರವಾದದ್ದು ಇದೇ ಎಂದು ನಮ್ಮ ಅಭಿಪ್ರಾಯ, ಏಕೆಂದರೆ ಜನ ಈ ಜಾಲತಾಣಕ್ಕೆ ಬರುವುದೇ ವೇಳಾಪಟ್ಟಿಗಾಗಿ. ಪಿಡಿಎಫ್‌ನಿಂದ ಒಂದು ಸಾಲು ಆಯ್ದು ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿ ಏನು ಬಂತು ಎಂಬುದರಿಂದಲೇ ಕಾರಣ ತಿಳಿಯುತ್ತದೆ.

ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ಕಲಸುಮೇಲೋಗರ ಬಂದರೆ, ಅದನ್ನು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಲಾಗಿದೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತವೆ. ಕಣ್ಣಿಗೆ ಕನ್ನಡ, ಗಣಕಕ್ಕೆ ಇಂಗ್ಲಿಷ್. ಸ್ಕ್ರೀನ್ ರೀಡರ್ ಆಕಾರವನ್ನು ನೋಡುವುದಿಲ್ಲ, ಸಂಕೇತವನ್ನು ಓದುತ್ತದೆ. ಮೂಲ ವರ್ಡ್ ಕಡತವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತನ್ನಿ. ಪರಿವರ್ತನೆಯ ಬಳಿಕ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ: ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಈ ಅದಲುಬದಲು ಸರಿಯಾಗದಿದ್ದರೆ 'ಮಾರ್ಗ', 'ಕಾರ್ಮಿಕ', 'ವಾರ್ಡ್' ಎಲ್ಲವೂ ಕೆಡುತ್ತವೆ. ಮುಂದಿನ ತಿಂಗಳಿಂದ ಟೈಪ್ ಮಾಡುವವರು ಯೂನಿಕೋಡ್ ಕೀಲಿಮಣೆಗೇ ಬರಲಿ. ನುಡಿಯ ಹೊಸ ಆವೃತ್ತಿಗಳಲ್ಲಿ ಅದು ಇದೆ, ವಿಂಡೋಸ್‌ನಲ್ಲೂ ಇದೆ.

ಸಾಲನ್ನು ಆಯಲು ಆಗದಿದ್ದರೆ ಅದು ಸಹಿ, ಮುದ್ರೆ ಹಾಕಿ ಸ್ಕ್ಯಾನ್ ಮಾಡಿದ ಕಾಗದದ ಚಿತ್ರ. ಒಂದೆರಡು ಪುಟವಾದರೆ ಮತ್ತೆ ಟೈಪ್ ಮಾಡುವುದೇ ಬೇಗ. ಟೆಸರಾಕ್ಟ್‌ನಂಥ ಅಕ್ಷರ ಗುರುತಿಸುವ ತಂತ್ರಾಂಶ ಕನ್ನಡ ಓದುತ್ತದೆ, ಆದರೆ ಬೀದಿಯ ಹೆಸರು, ಸಮಯ, ದೂರವಾಣಿ ಸಂಖ್ಯೆಗಳನ್ನು ಒಬ್ಬರು ಕೂತು ತಾಳೆ ನೋಡಲೇಬೇಕು.

ಕನ್ನಡವೇ ಬಂದು ಸ್ವರಚಿಹ್ನೆಗಳು ಅತ್ತಿತ್ತ ಹಾರಿದ್ದರೆ ಕಡತ ಯೂನಿಕೋಡ್‌ನಲ್ಲೇ ಇದೆ, ಪಿಡಿಎಫ್ ಮಾಡುವಾಗ ಕೆಟ್ಟಿದೆ. 'ಪ್ರಿಂಟ್ ಟು ಪಿಡಿಎಫ್' ಬಿಟ್ಟು ವರ್ಡ್ ಅಥವಾ ಲಿಬ್ರೆ ಆಫೀಸ್‌ನಿಂದ ಟ್ಯಾಗ್ ಸಹಿತ ಪಿಡಿಎಫ್ ರಫ್ತು ಮಾಡಿ ಮತ್ತೆ ಅಂಟಿಸಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಸಲಹೆ ಒಂದೇ: ವೇಳಾಪಟ್ಟಿಯನ್ನು ಪಿಡಿಎಫ್‌ನಿಂದ ಹೊರತನ್ನಿ. ಪುಟದಲ್ಲೇ ಕೋಷ್ಟಕವಾಗಿ ಹಾಕಿ, ಅಚ್ಚು ಹಾಕಿಕೊಳ್ಳುವವರಿಗೆ ಪಿಡಿಎಫ್ ಪಕ್ಕದಲ್ಲಿರಲಿ.

ಲಕ್ಷಣ: ಕೋಷ್ಟಕ ಓದುತ್ತದೆ, ಆದರೆ ಯಾವ ದಿನ ಯಾವ ಕಸ ಎಂದು ತಿಳಿಯುವುದಿಲ್ಲ

ಅಡ್ಡ ಸಾಲಿನಲ್ಲಿ ಬೀದಿ, ಮೇಲೆ ವಾರದ ದಿನ, ಕೋಷ್ಟಕದ ಮನೆಯೊಳಗೆ ಹಸಿರು, ನೀಲಿ, ಕೆಂಪು ಚುಕ್ಕೆ. ನೋಡಲು ಚೆಂದ. ಸ್ಕ್ರೀನ್ ರೀಡರ್ ಅದನ್ನು 'ಖಾಲಿ, ಖಾಲಿ, ಖಾಲಿ' ಎಂದು ಓದುತ್ತದೆ, ಏಕೆಂದರೆ ಹಿನ್ನೆಲೆಯ ಬಣ್ಣಕ್ಕೆ ಮಾತಿಲ್ಲ. ಕೆಂಪು-ಹಸಿರು ಬಣ್ಣ ಬೇರ್ಪಡಿಸಲಾಗದವರಿಗೂ ಇದು ತೊಡಕು. ಬೆಂಗಳೂರಿನ 'ಎರಡು ಡಬ್ಬ, ಒಂದು ಚೀಲ' ಪದ್ಧತಿಯಲ್ಲಿ ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್, ಪ್ಯಾಡ್‌ನಂಥ ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬ. ಅವರಿಗೆ ಗೊಂದಲವಾಗುವುದು ಸರಿಯಾಗಿ ಇವೇ ಎರಡರ ನಡುವೆ. ಚುಕ್ಕೆ ಇರಲಿ, ಅದರ ಜೊತೆ 'ಹಸಿ', 'ಒಣ', 'ಸ್ಯಾನಿಟರಿ' ಎಂಬ ಪದವೂ ಮನೆಯೊಳಗೇ ಇರಲಿ.

ಮೇಲಿನ ಸಾಲಿನ ದಿನಗಳಿಗೂ ಎಡಗಡೆಯ ಬೀದಿ ಹೆಸರುಗಳಿಗೂ 'ಟಿಎಚ್' ಟ್ಯಾಗ್ ಹಾಕಿ, 'ಸ್ಕೋಪ್' ಎಂಬಲ್ಲಿ ದಿನಕ್ಕೆ ಕಾಲಂ, ಬೀದಿಗೆ ರೋ ಎಂದು ಕೊಡಿ. ಎನ್‌ವಿಡಿಎಯಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಬಾಣದ ಗುರುತು ಒತ್ತುತ್ತ ಸಾಗಿದಾಗ 'ಬುಧವಾರ, ಒಣ ಕಸ, ಬೆಳಗ್ಗೆ 7' ಎಂದು ಕೇಳಿಸಿದರೆ ಕೋಷ್ಟಕ ಸರಿಯಾಯಿತು. ನೂರಾರು ಬೀದಿಗಳ ಒಂದೇ ಉದ್ದನೆಯ ಕೋಷ್ಟಕ ಮಾತ್ರ ಬೇಡ. ಬೀದಿಯ ಹೆಸರಿನಿಂದ ಹುಡುಕುವ ಸೌಲಭ್ಯ ಕೊಡಿ: ವಾರ್ಡಿನ ಗಡಿ, ಸಂಖ್ಯೆಗಳು ಬದಲಾಗುತ್ತಿರುತ್ತವೆ, ತಮ್ಮ ವಾರ್ಡಿನ ಸಂಖ್ಯೆ ಎಲ್ಲರಿಗೂ ನೆನಪಿರುವುದಿಲ್ಲ.

ಲಕ್ಷಣ: ದೂರು ದಾಖಲಾಗುವುದಿಲ್ಲ, ಏಕೆಂದೂ ಗೊತ್ತಾಗುವುದಿಲ್ಲ

ಈ ಒಂದು ಲಕ್ಷಣದ ಹಿಂದೆ ಐದಾರು ದೋಷ ಒಟ್ಟಿಗೆ ಇರುತ್ತವೆ. ಒಂದನ್ನು ಸರಿಪಡಿಸಿ ನಿಲ್ಲಿಸಬೇಡಿ.

ಅಂಕಣಗಳ ಹೆಸರಿನಿಂದ ಶುರು ಮಾಡಿ. ಖಾನೆಯೊಳಗೆ ಮಸುಕಾಗಿ ಬರೆದ 'ನಿಮ್ಮ ಹೆಸರು' ಎಂಬುದು ಪ್ಲೇಸ್‌ಹೋಲ್ಡರ್ ಮಾತ್ರ. ಸ್ಕ್ರೀನ್ ರೀಡರ್ ಅದನ್ನು ಓದಬಹುದು, ಹಾಗಾಗಿ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಆದರೆ ಒಂದು ಅಕ್ಷರ ಟೈಪ್ ಮಾಡಿದೊಡನೆ ಮಾಯವಾಗುತ್ತದೆ. ನೆನಪಿನ ತೊಂದರೆ ಇರುವವರು, ಪರದೆ ಹಿಗ್ಗಿಸಿ ಓದುವವರು ಏನು ತುಂಬುತ್ತಿದ್ದೇವೆಂದು ತಿಳಿಯಲು ಬರೆದದ್ದನ್ನು ಅಳಿಸಬೇಕಾಗುತ್ತದೆ. ಖಾನೆಯ ಮೇಲೆ ನಿಜವಾದ ಲೇಬಲ್ ಹಾಕಿ, ಅದರ 'ಫಾರ್' ಮತ್ತು ಖಾನೆಯ 'ಐಡಿ' ಒಂದೇ ಇರಲಿ. ಲೇಬಲ್ ಇದ್ದೂ 'ಎಡಿಟ್' ಎಂದಷ್ಟೇ ಕೇಳಿಸಿದರೆ ಅದೇ ಐಡಿ ಪುಟದಲ್ಲಿ ಎರಡು ಕಡೆ ಇದೆಯೇ ಎಂದು ಹುಡುಕಿ. ಫೋನಿಗೊಂದು ಗಣಕಕ್ಕೊಂದು ಎಂದು ಅರ್ಜಿಯನ್ನು ಎರಡು ಸಲ ಹಾಕಿ ಒಂದನ್ನು ಮರೆಮಾಡಿದ್ದರೆ, ಎರಡು ಲೇಬಲ್‌ಗಳೂ ಮೊದಲ ಖಾನೆಗೇ ಅಂಟಿಕೊಳ್ಳುತ್ತವೆ.

ವಾರ್ಡ್ ಆರಿಸಿದೊಡನೆ ಬೀದಿಗಳ ಪಟ್ಟಿ ತಾನಾಗಿ ಬರುವ ವ್ಯವಸ್ಥೆ ಕೀಲಿಮಣೆಯವರಿಗೆ ಕಾಟ ಕೊಡುತ್ತದೆ. ವಿಂಡೋಸ್‌ನ ಕ್ರೋಮ್‌ನಲ್ಲಿ ಪಟ್ಟಿ ಬಿಚ್ಚದೆ ಕೆಳಬಾಣ ಒತ್ತಿದರೆ ಪ್ರತಿ ಒತ್ತಿಗೂ ಆಯ್ಕೆ ಬದಲಾಯಿತೆಂದೇ ಪುಟ ತಿಳಿಯುತ್ತದೆ. 12ನೇ ವಾರ್ಡಿಗೆ ಹೋಗುವಷ್ಟರಲ್ಲಿ ಪುಟ ಹನ್ನೆರಡು ಸಲ ಹೊಸದಾಗಿ ತುಂಬಿಕೊಂಡು, ಬಳಕೆದಾರರನ್ನು ಮತ್ತೆ ಮೇಲಕ್ಕೆ ಎಸೆಯುತ್ತದೆ. 'ಬೀದಿಗಳನ್ನು ತೋರಿಸಿ' ಎಂಬ ಗುಂಡಿ ಕೊಟ್ಟು, ಅದನ್ನು ಒತ್ತಿದಾಗ ಮಾತ್ರ ಪಟ್ಟಿ ತರಿಸಿ.

ನಕ್ಷೆಯ ಮೇಲೆ ಗುಂಡುಪಿನ್ನು ಎಳೆದು ಜಾಗ ತೋರಿಸಲೇಬೇಕು ಎಂಬ ನಿಯಮ ಕಣ್ಣು ಕಾಣದವರನ್ನೂ ಕೈ ನಡುಗುವವರನ್ನೂ ಹೊರಗಿಡುತ್ತದೆ. ಮನೆ ಸಂಖ್ಯೆ, ಅಡ್ಡರಸ್ತೆ, ಮುಖ್ಯರಸ್ತೆ, ಹತ್ತಿರದ ಗುರುತು ಬರೆದರೆ ಸಾಕಾಗಬೇಕು. ಕಸದ ರಾಶಿಯ ಫೋಟೊ ಕಡ್ಡಾಯವೆಂಬುದನ್ನೂ ತೆಗೆಯಿರಿ. ಅಂಧರೊಬ್ಬರಿಗೆ ರಾಶಿಯ ವಾಸನೆ ತಿಳಿದೀತು, ಅದನ್ನು ಚೌಕಟ್ಟಿಗೆ ಹಿಡಿದು ಫೋಟೊ ತೆಗೆಯುವುದು ಕಷ್ಟ.

ಸೊಟ್ಟಪಟ್ಟ ಅಕ್ಷರದ ಕ್ಯಾಪ್ಚಾ ತೆಗೆದುಹಾಕಿ. ಇಂಗ್ಲಿಷ್‌ನಲ್ಲಿ ಮಾತಾಡುವ ಧ್ವನಿ ಕ್ಯಾಪ್ಚಾ ಕನ್ನಡಿಗರಿಗೆ ಸರಿಯಾದ ಬದಲಿಯಲ್ಲ, ಕಣ್ಣು ಕಿವಿ ಎರಡೂ ಇಲ್ಲದವರಿಗಂತೂ ಅದು ದಾಟಲಾಗದ ಗೋಡೆ. ಮೊಬೈಲಿಗೆ ಓಟಿಪಿ ಕಳಿಸುವುದು, ಒಂದೇ ಸಂಖ್ಯೆಯಿಂದ ಬರುವ ದೂರುಗಳಿಗೆ ಮಿತಿ ಹಾಕುವುದು, ತಾನಾಗಿ ಅರ್ಜಿ ತುಂಬುವ ಯಂತ್ರಗಳನ್ನು ಹಿಡಿಯಲು ಒಂದು ಸುಳ್ಳು ಖಾನೆ ಇಡುವುದು, ಇಷ್ಟು ಸಾಕು. ಆ ಸುಳ್ಳು ಖಾನೆಯನ್ನು ಪರದೆಯಿಂದಾಚೆಗೆ ತಳ್ಳಿ ಅಡಗಿಸಬೇಡಿ. ಸ್ಕ್ರೀನ್ ರೀಡರ್‌ಗೆ ಅದು ಆಗಲೂ ಸಿಗುತ್ತದೆ, ಬಳಕೆದಾರರು ಪ್ರಾಮಾಣಿಕವಾಗಿ ತುಂಬುತ್ತಾರೆ, ನಿಮ್ಮ ಸರ್ವರ್ ಅವರನ್ನೇ ಯಂತ್ರವೆಂದು ತಳ್ಳಿಹಾಕುತ್ತದೆ. 'ಡಿಸ್‌ಪ್ಲೇ ನನ್' ಹಾಕಿದರೆ ಕಣ್ಣಿಗೂ ಕಿವಿಗೂ ಸಿಗುವುದಿಲ್ಲ.

ಓಟಿಪಿಗೆ ಆರು ಬಿಡಿ ಚೌಕಗಳ ಬದಲು ಒಂದೇ ಖಾನೆ ಇಡಿ, ಅದರ ಆಟೋಕಂಪ್ಲೀಟ್‌ಗೆ 'ಒನ್-ಟೈಮ್-ಕೋಡ್' ಎಂದು ಕೊಡಿ. 30 ಸೆಕೆಂಡಿನಲ್ಲಿ ಮುಗಿಯುವ ಗಡುವು, ಸಂದೇಶ ಪೆಟ್ಟಿಗೆಗೆ ಹೋಗಿ ಆಲಿಸಿ ಹಿಂದಿರುಗುವವರಿಗೆ ಸಾಲದು. ಹತ್ತು ನಿಮಿಷ ಕೊಡಿ.

ತಪ್ಪು ತುಂಬಿದಾಗ ಖಾನೆಯ ಅಂಚು ಕೆಂಪಾದರೆ ಸಾಲದು. 'ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿ ಇರಬೇಕು' ಎಂದು ಬರೆದು, ಆ ಸಾಲನ್ನು 'ಅರಿಯಾ-ಡಿಸ್‌ಕ್ರೈಬ್ಡ್‌ಬೈ' ಮೂಲಕ ಖಾನೆಗೆ ಜೋಡಿಸಿ, ಕರ್ಸರನ್ನು ಮೊದಲ ತಪ್ಪಿನ ಖಾನೆಗೆ ಒಯ್ಯಿರಿ. 'ದೂರು ಸ್ವೀಕರಿಸಲಾಗಿದೆ' ಎಂಬ ಸಂದೇಶಕ್ಕೆ, ಬದಲಾದ ಪಠ್ಯವನ್ನು ಸ್ಕ್ರೀನ್ ರೀಡರ್ ತಾನೇ ಓದುವಂತೆ ಮಾಡುವ 'ಅರಿಯಾ-ಲೈವ್' ಹಾಕಿದ್ದರೂ ಓದುತ್ತಿಲ್ಲವೆಂದರೆ, ಆ ಪೆಟ್ಟಿಗೆಯನ್ನು ಸಂದೇಶದ ಜೊತೆಗೇ ಸೃಷ್ಟಿಸುತ್ತಿದ್ದೀರಿ. ಖಾಲಿ ಪೆಟ್ಟಿಗೆ ಪುಟ ತೆರೆದಾಗಲೇ ಇರಬೇಕು, ಪಠ್ಯ ಮಾತ್ರ ಆಮೇಲೆ ಸೇರಬೇಕು. ದೂರಿನ ಸಂಖ್ಯೆ ಮೂರು ಸೆಕೆಂಡಿಗೆ ಮಾಯವಾಗದೆ ಪುಟದಲ್ಲೇ ಉಳಿಯಲಿ, ಎಸ್ಸೆಮ್ಮೆಸ್ಸಿಗೂ ಬರಲಿ.

ದೂರು ಕೊಡಲು ದೂರವಾಣಿ ಸಂಖ್ಯೆಯೊಂದೇ ಇದ್ದರೆ ಅದೂ ದೋಷವೇ. ಮಾತು ಬಾರದವರು, ಕಿವಿ ಕೇಳದವರು ಅದಕ್ಕೆ ಕರೆ ಮಾಡಲಾರರು. ವಾಟ್ಸಾಪ್ ಇಲ್ಲವೇ ಎಸ್ಸೆಮ್ಮೆಸ್ಸಿನ ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಕೊಡಿ.

ಲಕ್ಷಣ: ಟ್ಯಾಬ್ ಒತ್ತಿದರೆ ಎಲ್ಲಿದ್ದೇವೆಂದು ಕಾಣುವುದಿಲ್ಲ, ಅಥವಾ ಒಂದೆಡೆ ಸಿಕ್ಕಿಬೀಳುತ್ತದೆ

ಸ್ಟೈಲ್ ಕಡತದಲ್ಲಿ 'ಔಟ್‌ಲೈನ್ ನನ್' ಎಂದು ಹುಡುಕಿ ತೆಗೆಯಿರಿ, ಬದಲಿಗೆ 3 ಪಿಕ್ಸೆಲ್ ದಪ್ಪದ ಗಾಢ ಗೆರೆ ಹಾಕಿ. ಮೂರು ಗೆರೆಯ ಮೆನು ಗುರುತು ಟ್ಯಾಬ್‌ಗೆ ಸಿಗದಿದ್ದರೆ ಅದು ಗುಂಡಿಯಂತೆ ಕಾಣುವ 'ಡಿವ್'. ನಿಜವಾದ ಬಟನ್ ಟ್ಯಾಗ್ ಹಾಕಿದರೆ ಟ್ಯಾಬ್, ಎಂಟರ್, ಸ್ಪೇಸ್ ಎಲ್ಲ ತಾನೇ ಕೆಲಸ ಮಾಡುತ್ತವೆ. ಪುಟ ತೆರೆದೊಡನೆ ಎರಗುವ ಸ್ವಚ್ಛತಾ ಅಭಿಯಾನದ ಪಾಪಪ್ ಸಾಧ್ಯವಾದರೆ ಬೇಡ. ಬೇಕೇಬೇಕೆಂದರೆ 'ಡಯಲಾಗ್' ಟ್ಯಾಗ್‌ನಲ್ಲಿ ಮೋಡಲ್ ಆಗಿ ತೆರೆಯಿರಿ, ಆಗ ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. ಮೇಲೆ ಅಂಟಿಕೊಂಡ ಪಟ್ಟಿಯ ಹಿಂದೆ ಆಯ್ಕೆ ಮರೆಯಾಗುತ್ತಿದ್ದರೆ 'ಸ್ಕ್ರೋಲ್-ಪ್ಯಾಡಿಂಗ್-ಟಾಪ್' ಅನ್ನು ಆ ಪಟ್ಟಿಯ ಎತ್ತರಕ್ಕೆ ಸಮ ಮಾಡಿ.

ಲಕ್ಷಣ: ಅಕ್ಷರ ಹಿಗ್ಗಿಸಿದರೆ ಒತ್ತಕ್ಷರ ಕತ್ತರಿಸುತ್ತದೆ

ಅನೇಕ ಇಂಗ್ಲಿಷ್ ಟೆಂಪ್ಲೇಟ್‌ಗಳಲ್ಲಿ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇರುತ್ತದೆ, ಗುಂಡಿಗಳಿಗೆ 40 ಪಿಕ್ಸೆಲ್ ಎಂದು ಎತ್ತರ ಬಿಗಿದಿರುತ್ತದೆ. ಕನ್ನಡದ ಒತ್ತುಗಳು ಕೆಳಗಿಳಿಯುವುದರಿಂದ 'ಸಂಗ್ರಹ', 'ತ್ಯಾಜ್ಯ', 'ವಿಂಗಡಣೆ ಪಟ್ಟಿ' ಎಂಬಲ್ಲಿ ಬುಡವೇ ಹೋಗಿ ಪದ ಬೇರೆಯಾಗಿ ಕಾಣುತ್ತದೆ. ಸಾಲಿನ ಎತ್ತರ 1.6 ಇಡಿ, ಬಿಗಿದ ಎತ್ತರದ ಬದಲು ಕನಿಷ್ಠ ಎತ್ತರ ಕೊಡಿ, 'ಓವರ್‌ಫ್ಲೋ ಹಿಡನ್' ತೆಗೆಯಿರಿ, ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಾಗದಿರಲಿ. ವ್ಯೂಪೋರ್ಟ್ ಟ್ಯಾಗ್‌ನಲ್ಲಿ ಹಿಗ್ಗಿಸುವುದನ್ನು ತಡೆದಿದ್ದರೆ ಅದನ್ನೂ ತೆಗೆಯಬೇಕು. ಗಣಕದಲ್ಲಿ ಶೇ. 400ಕ್ಕೆ ಹಿಗ್ಗಿಸಿದಾಗ ಬರಹ ಅಡ್ಡಡ್ಡ ಸರಿಯದೆ ಕೆಳಕೆಳಗೆ ಹರಿಯಬೇಕು. ಅಗಲವಾದ ಕೋಷ್ಟಕಕ್ಕೆ ಮಾತ್ರ ವಿನಾಯಿತಿ.

ಬಣ್ಣದ ವ್ಯತ್ಯಾಸ ಸಾಮಾನ್ಯ ಅಕ್ಷರಕ್ಕೆ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕು. ಸ್ವಚ್ಛತೆಯ ಜಾಲತಾಣಗಳ ಮೆಚ್ಚಿನ ತಿಳಿಹಸಿರು (ಕೆಂಪು 76, ಹಸಿರು 175, ನೀಲಿ 80) ಬಿಳಿಯ ಜೊತೆ ಸುಮಾರು 2.8 ಮಾತ್ರ ಮುಟ್ಟುತ್ತದೆ. ಅದೇ ಬಣ್ಣದ ಗಾಢ ರೂಪ (46, 125, 50) 5ನ್ನು ದಾಟುತ್ತದೆ. ಬಿಳಿಯ ಮೇಲಿನ ಬೂದು ಅಕ್ಷರಗಳಲ್ಲಿ 999999 ಎಂಬ ಬಣ್ಣದ ಸಂಕೇತ ಸೋಲುತ್ತದೆ, 767676 ಗೆಲ್ಲುತ್ತದೆ.

ಲಕ್ಷಣ: ಗಾಡಿ ಎಲ್ಲಿದೆ ಎಂಬ ನಕ್ಷೆ ಏನನ್ನೂ ಹೇಳುವುದಿಲ್ಲ, ಅಥವಾ ಬಾಯಿ ಮುಚ್ಚುವುದೇ ಇಲ್ಲ

ನಕ್ಷೆಯನ್ನು ಮಾತಾಡಿಸಲು ಹೋಗಬೇಡಿ. ಅದರ ಕೆಳಗೆ ಒಂದು ಸಾಲು ಬರೆಯಿಸಿ: 'ಗಾಡಿ ಈಗ 3ನೇ ಅಡ್ಡರಸ್ತೆಯಲ್ಲಿದೆ, ನಿಮ್ಮ ಬೀದಿಗೆ ಸುಮಾರು 10 ನಿಮಿಷ.' ಆ ಸಾಲಿಗೆ 'ಅರಿಯಾ-ಲೈವ್ ಪೊಲೈಟ್' ಕೊಡಿ. ಜಿಪಿಎಸ್ ಬದಲಾದಾಗಲೆಲ್ಲ ಅದನ್ನು ಬದಲಿಸಿದರೆ ಸ್ಕ್ರೀನ್ ರೀಡರ್ ಬೇರೇನನ್ನೂ ಓದಗೊಡುವುದಿಲ್ಲ. ಗಾಡಿ ಬೀದಿ ದಾಟಿದಾಗ ಮಾತ್ರ ಬದಲಿಸಿ, ಹೆಚ್ಚೆಂದರೆ ನಿಮಿಷಕ್ಕೊಮ್ಮೆ.

ಅಂಟಿಸುವ ವಿಜೆಟ್‌ಗಳ ಬಗ್ಗೆ

ಮೂಲೆಯಲ್ಲಿ ಗಾಲಿಕುರ್ಚಿಯ ಗುರುತು ಹಾಕಿ, 'ಒಂದು ಸಾಲಿನ ಕೋಡ್‌ನಿಂದ ಎಲ್ಲ ಸರಿ' ಎಂದು ಮಾರುವ ವಿಜೆಟ್‌ಗಳಿವೆ. ಅವು ಅಕ್ಷರ ದೊಡ್ಡದು ಮಾಡುತ್ತವೆ, ಬಣ್ಣ ತಿರುಗಿಸುತ್ತವೆ. ಆಸ್ಕಿ ಪಿಡಿಎಫ್, ಹೆಸರಿಲ್ಲದ ಖಾನೆ, ಖಾಲಿ ಚುಕ್ಕೆ ಯಾವುದನ್ನೂ ಅವು ಮುಟ್ಟವು. 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಅತಿಶಯದ ಭರವಸೆಗಾಗಿ ಒಂದು ವಿಜೆಟ್ ಕಂಪನಿ 10 ಲಕ್ಷ ಡಾಲರ್ ತೆರುವಂತೆ ಮಾಡಿತು. ವಿಜೆಟ್‌ಗೆ ಕೊಡುವ ಹಣವನ್ನು ವೇಳಾಪಟ್ಟಿ ಮರುಟೈಪ್ ಮಾಡಿಸಲು, ಅಂಧ ಬಳಕೆದಾರರಿಗೆ ಸಂಭಾವನೆ ಕೊಟ್ಟು ಪರೀಕ್ಷೆ ಮಾಡಿಸಲು ಖರ್ಚು ಮಾಡಿ.

ಆಡಳಿತ ಮಂಡಳಿ 'ಇದು ಕಡ್ಡಾಯವೇ?' ಎಂದು ಕೇಳಿದರೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 46ನೇ ಸೆಕ್ಷನ್ ಸರ್ಕಾರಿ, ಖಾಸಗಿ ಸೇವಾದಾರರಿಬ್ಬರಿಗೂ ಅನ್ವಯಿಸುತ್ತದೆ. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ತಾಂತ್ರಿಕ ಅಳತೆಗೋಲಾಗಿ ಭಾರತೀಯ ಮಾನಕ ಐಎಸ್ 17802 ಇದೆ, ಜಾಲತಾಣಗಳು ಎಲ್ಲರಿಗೂ ದಕ್ಕುವಂತಿರಲು ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಇದೆ. ಟೆಂಡರ್ ಕರೆಯುವಾಗಲೇ ಇವುಗಳ ಎಎ ಮಟ್ಟವನ್ನು ಷರತ್ತಾಗಿ ಬರೆಯಿರಿ.

ಸರಿಯಾದದ್ದು ಮತ್ತೆ ಕೆಡುವುದು ಎಲ್ಲಿ

ಕೋಡ್ ಬದಲಾದಾಗಲ್ಲ, ಹಬ್ಬದ ಮುನ್ನಾದಿನ. 'ನಾಳೆ ಗಾಡಿ ಬರುವುದಿಲ್ಲ' ಎಂಬ ಪ್ರಕಟಣೆಯನ್ನು ಯಾರೋ ಅವಸರದಲ್ಲಿ ಜೆಪಿಜಿ ಚಿತ್ರವಾಗಿ ಏರಿಸುತ್ತಾರೆ. ಆಯುಧಪೂಜೆಯ ಬಾಳೆಕಂದು, ಕುಂಬಳಕಾಯಿ ಬೀದಿಯಲ್ಲಿ ರಾಶಿ ಬೀಳುವ ಆ ದಿನವೇ ಸೂಚನೆ ಅಂಧರಿಗೆ ಸಿಗುವುದಿಲ್ಲ. ಪ್ರಕಟಣೆ ಏರಿಸುವ ಪರದೆಯಲ್ಲಿ ಪಠ್ಯದ ಖಾನೆಯನ್ನು ಕಡ್ಡಾಯ ಮಾಡಿ, ಚಿತ್ರವನ್ನು ಐಚ್ಛಿಕ ಮಾಡಿ. ವಿಂಗಡಣೆ ಹೇಳಿಕೊಡುವ ವಿಡಿಯೊಗೆ ಕನ್ನಡ ಅಡಿಬರಹವಿಲ್ಲದಿದ್ದರೆ ಪ್ರಕಟವಾಗದಂತೆ ತಡೆಯಿರಿ. ಏರಿಸುವವರ ಮೇಜಿನ ಮೇಲೆ ಒಂದೇ ಪರೀಕ್ಷೆ ಬರೆದಿಡಿ: ಪ್ರಕಟವಾದ ಪುಟದಿಂದ ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸು; ಅದೇ ಕನ್ನಡ ಬಾರದಿದ್ದರೆ ಹಿಂತೆಗೆದು ಟೈಪ್ ಮಾಡಿ ಹಾಕು.